ಮಳೆಗೆ ಮುಂಚೆ ಶಾಲೆಯ ಹಂಚು

ಕುಮಟಾ–ಅಂಕೋಲೆ ನಡುವಿನ ನಮ್ಮೂರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಏನಾದರೂ ಕೊಡೋಣ ಅಂತ ಮಾತು ಬಂದಾಗ ಮೊದಲು ಎದ್ದ ಹೆಸರು ದೊಡ್ಡ ಟಿವಿಯದು. ಗೋವಾದಲ್ಲಿ ಕೆಲಸ ಮಾಡುವ ಹುಡುಗರು ದುಡ್ಡು ಹಾಕಲು ತಯಾರಾಗಿಯೇ ಇದ್ದರು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷೆ ಮಾತ್ರ, "ಮೊದಲು ಅಕ್ಕೋರ (ಟೀಚರ) ಹತ್ರ ಕೇಳಿ" ಅಂದರು. ಬೆಳಿಗ್ಗೆ ಮೀನು ಮಾರಿ ಬಂದು ಸಭೆಗೆ ಕೂರುವ ತಾಯಿ ಅವರು. ಶಾಲಾ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳಿದ್ದು ಎಷ್ಟು ಒಳ್ಳೆಯದಾಯಿತು ಅಂತ ಆಗ ಅನ್ನಿಸಿತು.

ಅಕ್ಕೋರು ಯೋಚನೆ ಮಾಡಲೇ ಇಲ್ಲ. "ಮಳೆ ಹಿಡಿಯೋದ್ರೊಳಗೆ ಹಂಚು ಕೈಯಾಡಿಸಿ ಕೊಡಿ. ಟಿವಿ ಆಮೇಲೆ ನೋಡುವ" ಅಂದರು. ಕೈಯಾಡಿಸುವುದು ಅಂದರೆ ಹಂಚು ಇಳಿಸಿ, ಸ್ವಚ್ಛಮಾಡಿ, ಮತ್ತೆ ಹೊದಿಸುವುದು.

ಹಂಚಿಗೂ ಪಾಠಕ್ಕೂ ಏನು ಸಂಬಂಧ ಅಂತ ಕೇಳಬಹುದು. ನಲಿ-ಕಲಿ ತರಗತಿ ನೋಡಿದವರಿಗೆ ಗೊತ್ತಾಗುತ್ತದೆ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಪ್ರತಿ ಮಗುವೂ ತಾನು ಎಲ್ಲಿಗೆ ಮುಟ್ಟಿದೆಯೋ ಅಲ್ಲಿನ ಕಾರ್ಡು ತೆಗೆದುಕೊಂಡು ಕಲಿಯುತ್ತದೆ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ, ಬರಹ ತೂಗುಹಾಕಿರುತ್ತಾರೆ. ಅದೇ ಕಲಿಕಾ ಚಪ್ಪರ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶಿಕ್ಷಕರೇ ಸೇರಿ ಶುರುಮಾಡಿದ ಈ ಪದ್ಧತಿ ನನಗೆ ತುಂಬಾ ಇಷ್ಟ. ಆದರೆ ನೆಲ, ಕಾರ್ಡು, ಚಪ್ಪರ ಮೂರಕ್ಕೂ ನೀರು ತಾಗಬಾರದು. ಒಂದು ಹಂಚು ಸರಿದರೆ ಒಂದು ಗುಂಪು ಏಳಬೇಕು. ಕಳೆದ ಆಷಾಢದಲ್ಲಿ ಕೋಣೆಯ ನಡುವೆ ಬಕೆಟ್ ಇಟ್ಟು, ಚಿಕ್ಕ ಮಕ್ಕಳನ್ನೆಲ್ಲ ನಾಲ್ಕು-ಐದನೇ ಕ್ಲಾಸಿನ ಕೋಣೆಗೆ ತುಂಬಿದ್ದರಂತೆ. ಅಲ್ಲಿ ಮಾಸ್ತರು ಭಾಗಾಕಾರ ಹೇಳುತ್ತಿದ್ದರೆ ಇಲ್ಲಿ ಅಕ್ಕೋರು ಕಾಗುಣಿತ ಹೇಳಬೇಕು. ಯಾವ ಮಗುವಿಗೆ ಏನು ಕೇಳಿಸೀತು?

ಶಾಲೆ ಶುರುವಾಗುವ ಮುಂಚಿನ ರವಿವಾರ ಎಲ್ಲರೂ ಸೇರಿದೆವು. ಬೋಟಿಗೆ ಹೋಗುವವರು ಬಂದದ್ದು ನನಗೆ ದೊಡ್ಡದಾಗಿ ಕಂಡಿತು. ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಅದಕ್ಕೆ ಮುಂಚಿನ ದಿನಗಳಲ್ಲಿ ಒಂದು ದಿನದ ದುಡಿಮೆ ಬಿಡುವುದು ಸುಲಭವಲ್ಲ. ಆದರೂ ಹಗ್ಗ ಹಿಡಿದುಕೊಂಡೇ ಬಂದರು.

ಮಾಡು (ಛಾವಣಿ) ಹತ್ತಿದ ಮೇಲೆ ಸೋರುವ ಕಾರಣ ತಿಳಿಯಿತು. ಮಂಗ ಹಾರಿ ಒಡೆದ ಹಂಚು ಇದ್ದವು, ನಿಜ. ಆದರೆ ಜಾಸ್ತಿ ತೊಂದರೆ ಮಾಡಿದ್ದು ಹಿತ್ತಲಿನ ಗಾಳಿಮರ. ಅದರ ಸೂಜಿಯಂಥ ಎಲೆ ಉದುರಿ ಹಂಚಿನ ಗೀರುಗಳಲ್ಲಿ ಒತ್ತಾಗಿ ಕೂತಿತ್ತು. ನೀರು ಇಳಿಯಲು ದಾರಿ ಸಿಗದೆ ಹಿಂದಕ್ಕೆ ನಿಂತು, ಸಂದಿಯಿಂದ ಒಳಗೆ ಬರುತ್ತಿತ್ತು. ಅದೇ ತೇವಕ್ಕೆ ಹಂಚು ಕೂರುವ ಮರದ ಪಟ್ಟಿ, ಅಂದರೆ ರೀಪು, ಕುಂಬಾಗಿತ್ತು. ಮರಗೆಲಸದ ಆಚಾರರು ಒಂದು ಕಡೆ ಹೆಬ್ಬೆರಳಿನಿಂದ ಒತ್ತಿ ತೋರಿಸಿದರು, ಬೆರಳು ಒಳಗೇ ಹೋಯಿತು. ಅದರ ಕೆಳಗೇ ಪುಟ್ಟ ಮಕ್ಕಳು ಕೂರುತ್ತಿದ್ದರು. ನನಗೆ ಎದೆ ಝಲ್ ಅಂದಿತು.

ಹೆಂಗಸರು ಸಾಲಾಗಿ ನಿಂತು ಹಂಚು ಕೈಯಿಂದ ಕೈಗೆ ದಾಟಿಸಿದರು. ಅಂಗಳದಲ್ಲಿ ಮಕ್ಕಳು ತೆಂಗಿನ ಸಿಪ್ಪೆಯಿಂದ ಪಾಚಿ ತಿಕ್ಕಿದರು. ಹೊಸ ರೀಪು ಹೊಡೆದು, ಸೂರಿನಿಂದ ಮೇಲಕ್ಕೆ ಸಾಲು ಸಾಲಾಗಿ ಹೊದಿಸಿ ಮುಗಿಸುವಾಗ ಸಂಜೆಯಾಗಿತ್ತು.

ದುರಸ್ತಿ ಸರ್ಕಾರದ ಕೆಲಸ ಅಲ್ವಾ ಅಂತ ಒಬ್ಬರು ಕೇಳಿದರು. ಹೌದು, ಸರ್ಕಾರದ್ದೇ. ನಾವು ಹತ್ತಿ ಕೈಯಾಡಿಸಿದೆವು ಅಂತ ಅರ್ಜಿ ಹಿಂದಕ್ಕೆ ತೆಗೆಯಬಾರದು, ಕೇಳುತ್ತಲೇ ಇರಬೇಕು. ಆದರೆ ಮಳೆ ಮಂಜೂರಾತಿಗೆ ಕಾಯುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಇದು ಹೊಸದೂ ಅಲ್ಲ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಯ ಮಕ್ಕಳಿಗೆ ಹೈಸ್ಕೂಲು ತೆರೆಯುತ್ತಾ ಹೋದ ನೆಲ ಇದು.

ನಿಜವಾದ ಮಾತು ಬಂದದ್ದು ಮುರುಗಲ ಪಾನಕ ಕುಡಿಯುತ್ತಾ ಕೂತಾಗ. "ಬಿಸಿಯೂಟದ ಸಿಲಿಂಡರ್ ಖಾಲಿಯಾದ ದಿನ ನಮ್ಮಿಬ್ಬರಲ್ಲಿ ಒಬ್ಬರು ರಸ್ತೆ ತನಕ ಹೋಗಬೇಕು. ಮೊಟ್ಟೆ ತರಲಿಕ್ಕೆ ಮತ್ತೆ ಪೇಟೆಗೆ. ಅಷ್ಟು ಹೊತ್ತು ಒಂದು ಕೋಣೆ ಹಾಗೇ ಇರ್ತದೆ" ಅಂದರು ಅಕ್ಕೋರು. ದೂರಿನ ದನಿ ಅದರಲ್ಲಿರಲಿಲ್ಲ. ಅರವತ್ತರವರೆಗೆ ಮಕ್ಕಳಿದ್ದರೆ ಇಬ್ಬರು ಶಿಕ್ಷಕರು ಅನ್ನುವುದು ನಿಯಮ. ಆದರೆ ಆ ಇಬ್ಬರೇ ಐದು ಕ್ಲಾಸಿಗೆ ಪಾಠ ಹೇಳಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು, ಹಾಲಿನಪುಡಿ ಎಣಿಸಬೇಕು. ಶಿಕ್ಷಕರಿಗೆ ಊರಿನವರು ಕೊಡಬಹುದಾದ ಅತಿ ದೊಡ್ಡ ಕಾಣಿಕೆ ಪಾಠದ ಹೊತ್ತು ಅಂತ ನಾನು ನಂಬುತ್ತೇನೆ. ಅದಕ್ಕೆ ದುಡ್ಡು ಬೇಕಾಗುವುದೂ ಕಡಿಮೆ.

ಆಟೋ ಓಡಿಸುವ ಒಬ್ಬ ಅಪ್ಪ ಅಲ್ಲೇ, "ಸಿಲಿಂಡರ್ ನನಗೆ ಬಿಡಿ ಅಕ್ಕೋರೇ" ಅಂದ. ಮೊಟ್ಟೆಯನ್ನು ಅಧ್ಯಕ್ಷೆ ವಹಿಸಿಕೊಂಡರು. ಹೇಗೂ ದಿನಾ ಪೇಟೆಗೆ ಹೋಗುವವರು. ಮಾಡಿನಿಂದ ಇಳಿದ ಹಿರಿಯ ಮೀನುಗಾರರೊಬ್ಬರು, ಜೂನಿನಲ್ಲಿ ಬಿಡುವು ಇರುತ್ತದೆ, ಬ್ಯಾಗಿಲ್ಲದ ಶನಿವಾರ ಬಂದು ಮಕ್ಕಳಿಗೆ ಬಲೆ ಹೆಣೆಯಲು ಕಲಿಸುತ್ತೇನೆ ಅಂದರು. "ಬಲೆಯ ಕಣ್ಣು ಎಣಿಸಲಿಕ್ಕೂ ಹೇಳಿಕೊಡಿ, ಗಣಿತವೂ ಆಯ್ತು" ಅಂತ ಅಕ್ಕೋರು ಖುಷಿಯಿಂದ ಆಗಲೇ ಬರೆದುಕೊಂಡರು.

ಅಡುಗೆ ಕೋಣೆಯ ಮಾಡು ಇನ್ನೂ ಬಾಕಿ ಇದೆ. ಆಚಾರರು ಅಳತೆ ತೆಗೆದುಕೊಂಡು ಹೋಗಿದ್ದಾರೆ. ಮಳೆ ಬಿಟ್ಟ ಮೇಲೆ, ದಸರಾ ರಜೆಯಲ್ಲಿ ಅದನ್ನು ಹಿಡಿಯುತ್ತೇವೆ.