ಎಳೆ ಅಡ್ಡ ಬಂದ ಕಾಗದ

ಕೈಯಲ್ಲಿ ಹೊಲಿದ ನೋಟ್‌ಬುಕ್ ಮಾಡಿ ಮಾರುವುದು ನನ್ನ ಮತ್ತು ನನ್ನ ಗೆಳತಿಯ ಕೆಲಸ. ಇಬ್ಬರದೇ ಪುಟ್ಟ ವ್ಯಾಪಾರ. ನಾನು ಕತ್ತರಿಸಿ ಮಡಚುತ್ತೇನೆ, ಅವಳು ಹೊಲಿಯುತ್ತಾಳೆ. ಲೆಕ್ಕ ಬರೆಯುವುದು ಇಬ್ಬರಿಗೂ ಬೇಡದ ಕೆಲಸ, ಹಾಗಾಗಿ ಜಗಳವಾಡಿ ಹಂಚಿಕೊಳ್ಳುತ್ತೇವೆ. ಆ ಸಲ ಮುಂಗಡ ಕೊಟ್ಟವರ ದೊಡ್ಡ ಆರ್ಡರ್ ಬಾಕಿ ಇತ್ತು. ಅದಕ್ಕಂತಲೇ ತರಿಸಿದ ಕಾಗದದ ಕಟ್ಟು ಬೆಳಿಗ್ಗೆ ಬಂದಿಳಿಯಿತು.

ಹೊಸ ಕಾಗದ ಬಂದಾಗ ಎರಡು ಪರೀಕ್ಷೆ ಮಾಡದೆ ನಾನು ಕತ್ತರಿ ಮುಟ್ಟುವುದಿಲ್ಲ. ಮೊದಲನೆಯದು ಪಿಎಚ್ ಪೆನ್. ಕಾಗದದಲ್ಲಿ ಆಮ್ಲ ಇದ್ದರೆ ಗೆರೆ ಹಳದಿಯಾಗುತ್ತದೆ, ಇಲ್ಲದಿದ್ದರೆ ನೇರಳೆ. ಆಮ್ಲ ಉಳಿದ ಕಾಗದ ವರ್ಷ ಕಳೆದಂತೆ ಕಂದು ತಿರುಗಿ, ಮುಟ್ಟಿದರೆ ಮುರಿಯುವಂತಾಗುತ್ತದೆ. ನಮ್ಮ ಗೆರೆ ನೇರಳೆಯೇ ಬಂತು. ಅಲ್ಲಿಗೆ ಖುಷಿ ಮುಗಿಯಿತು.

ಎರಡನೆಯದು ಎಳೆಯ ಪರೀಕ್ಷೆ. ಮಿಲ್ಲಿನಲ್ಲಿ ಕಾಗದ ತಯಾರಾಗುವಾಗ ನಾರುಗಳು ಹೆಚ್ಚಾಗಿ ಮೆಷಿನ್ ಓಡುವ ದಿಕ್ಕಿಗೇ ಮಲಗುತ್ತವೆ. ಬೈಂಡಿಂಗ್ ಮಾಡುವವರು ಇದಕ್ಕೆ ಗ್ರೇನ್ ಅನ್ನುತ್ತಾರೆ. ನೀರು ತಾಗಿದರೆ ನಾರು ದಪ್ಪಕ್ಕೆ ಉಬ್ಬುತ್ತದೆ, ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ. ಹಾಗಾಗಿ ಹಾಳೆಯ ಒಂದು ಚಿಕ್ಕ ಚೌಕ ಕತ್ತರಿಸಿ, ಒಂದು ಮುಖಕ್ಕೆ ಮಾತ್ರ ಒದ್ದೆ ಬೆರಳು ಸವರಿದರೆ ಅದು ಸುರುಳಿಯಾಗುತ್ತದೆ. ಸುರುಳಿಯ ಕೊಳವೆ ಯಾವ ದಿಕ್ಕಿಗೆ ನಿಲ್ಲುತ್ತದೋ ಎಳೆ ಅದೇ ದಿಕ್ಕಿಗಿದೆ ಎಂದರ್ಥ. ಪುಸ್ತಕದಲ್ಲಿ ಎಳೆ ಬೆನ್ನಿಗೆ, ಅಂದರೆ ಹೊಲಿದ ಅಂಚಿಗೆ, ಸಮಾನಾಂತರವಾಗಿ ಮೇಲಿನಿಂದ ಕೆಳಕ್ಕೆ ಇರಬೇಕು. ಅಡ್ಡ ಇದ್ದರೆ ಮಡಿಕೆಯಲ್ಲಿ ನಾರು ಮುರಿಯುತ್ತದೆ, ಬೆನ್ನಿಗೆ ಅಂಟು ಹಚ್ಚಿದಾಗ ಒಳಅಂಚು ಅಲೆಅಲೆಯಾಗಿ ಏಳುತ್ತದೆ, ಪುಟ ತೆರೆದಿಟ್ಟರೆ ಮಲಗದೆ ಸೆಟೆದು ನಿಲ್ಲುತ್ತದೆ.

ನಮ್ಮದು ಎ5 ಪುಸ್ತಕ. ಎ4 ಹಾಳೆಯನ್ನು ಅರ್ಧಕ್ಕೆ ಮಡಚಿ ಮಾಡುವುದು. ಮಡಿಕೆ ಬೀಳುವುದು ಗಿಡ್ಡ ಅಂಚಿನ ದಿಕ್ಕಿಗೆ, ಆದ್ದರಿಂದ ಎಳೆಯೂ ಅದೇ ದಿಕ್ಕಿಗೆ ಬೇಕು. ಪ್ರಿಂಟರ್‌ಗೆ ಹಾಕುವ ಮಾಮೂಲಿ ಎ4ನಲ್ಲಿ ಎಳೆ ಹೆಚ್ಚಾಗಿ ಉದ್ದಕ್ಕಿರುತ್ತದೆ. ಅದಕ್ಕೇ ನಾವು ಬೇರೆಯಾಗಿ ಹೇಳಿ ತರಿಸುವುದು. ಕಟ್ಟಿನ ಮೇಲಿನ ಚೀಟಿಯಲ್ಲಿ ನಾವು ಹೇಳಿದಂತೆಯೇ ಬರೆದಿತ್ತು. ಒಳಗಿದ್ದದ್ದು ಮಾತ್ರ ಉದ್ದ ಎಳೆಯ ಕಾಗದ. ಕಟ್ಟಿನ ಮೇಲಿಂದ, ಮಧ್ಯದಿಂದ, ತಳದಿಂದ ಹಾಳೆ ಎಳೆದು ನೋಡಿದೆ. ಎಲ್ಲವೂ ಅದೇ ಕಡೆಗೆ ಸುತ್ತಿಕೊಂಡವು.

ಸರಬರಾಜು ಮಾಡಿದವರಿಗೆ ಫೋನ್ ಮಾಡಿದೆ. 'ಇದೇ ಕಾಗದ ಬೇರೆಯವರೂ ತಗೊಂಡಿದ್ದಾರಲ್ಲ, ಯಾರೂ ಏನೂ ಅಂದಿಲ್ಲ' ಅಂದರು. ಕೊನೆಗೆ ಬದಲಾಯಿಸಿ ಕೊಡಲು ಒಪ್ಪಿದರು. ಆದರೆ ಸರಿಯಾದ ಕಾಗದ ಬರುವಷ್ಟರಲ್ಲಿ ನಾವು ಕೊಟ್ಟ ಗಡುವು ದಾಟುವುದು ಖಂಡಿತ.

ಗೆಳತಿ ಒಂದು ಮಾತು ಹೇಳಿದಳು. ಅಂಗಡಿಯಲ್ಲಿ ಸಿಗುವ ಎಷ್ಟೋ ನೋಟ್‌ಬುಕ್‌ಗಳಲ್ಲಿ ಎಳೆ ಅಡ್ಡವೇ ಇರುತ್ತದೆ, ಜನ ಬರೆಯುತ್ತಾರಲ್ವಾ? ಮಾತು ಸುಳ್ಳಲ್ಲ. ಅದರಿಂದ ಯಾರಿಗೂ ಅಪಾಯವಿಲ್ಲ. ಆದರೆ ನಮ್ಮ ಪುಸ್ತಕದ ಬಗ್ಗೆ ನಾವು ಹೇಳಿಕೊಳ್ಳುವುದೇ ತೀರಾ ಕಡಿಮೆ: ದಾರದಲ್ಲಿ ಹೊಲಿದದ್ದು, ತೆರೆದಿಟ್ಟರೆ ಚಪ್ಪಟೆಯಾಗಿ ಮಲಗುತ್ತದೆ, ಹೊಲಿಗೆ ಬಿಟ್ಟರೆ ರಿಪೇರಿ ಮಾಡಿಕೊಡುತ್ತೇವೆ. ಅಷ್ಟೇ. 'ಪರಿಸರಸ್ನೇಹಿ' ಅಂತ ಕೂಡ ಹಾಕಿಲ್ಲ. ಹಾಕಿ ಅಂತ ಹೇಳಿದವರಿದ್ದರು, ಜಾಸ್ತಿ ಮಾರಾಟ ಆಗುತ್ತದಂತೆ. ಆದರೆ ಪರಿಸರದ ಬಗ್ಗೆ ತಯಾರಕರು ತಾವೇ ಹೇಳಿಕೊಳ್ಳುವ ಮಾತಿಗೆಂದೇ ಇರುವ ಐಎಸ್‌ಒ 14021 ಮಾನದಂಡ ಇಂಥ ಗೊತ್ತುಗುರಿಯಿಲ್ಲದ ಪದ ಬಳಸಬಾರದು ಅನ್ನುತ್ತದೆ. ನನ್ನ ಕಾಗದದ ಮರ ಎಲ್ಲಿಂದ ಬಂತು, ಮಿಲ್ಲಿನಲ್ಲಿ ಎಷ್ಟು ನೀರು ಖರ್ಚಾಯಿತು ಅಂತ ತೋರಿಸುವ ದಾಖಲೆ ನನ್ನ ಹತ್ತಿರ ಇಲ್ಲ. ಮತ್ತೆ ಸುಮ್ನೆ ಹೇಗೆ ಬರೆಯಲಿ? ಹೇಳಿದ್ದೇ ಮೂರು ಮಾತು. ಅದರಲ್ಲೂ ಒಂದು ಬಿದ್ದುಹೋದರೆ ಉಳಿಯುವುದೇನು?

ಕೊಂಡವರಿಗೆ ಬರೆಯುವುದು ಅಂತಾಯಿತು. ಇಲ್ಲಿ ಒಂದು ವಿಷಯ ಹೇಳಲೇಬೇಕು. ಹೀಗೆ ಬರೆಯುವ ಧೈರ್ಯ ನನ್ನ ಒಳ್ಳೆಯತನದಿಂದ ಬಂದದ್ದಲ್ಲ, ಬ್ಯಾಂಕಿನಿಂದ ಬಂದದ್ದು. ಮುಂಗಡವನ್ನು ನಾವು ಬೇರೆ ಖಾತೆಯಲ್ಲಿ ಇಡುತ್ತೇವೆ. ಪುಸ್ತಕ ಪಾರ್ಸೆಲ್ ಆದ ದಿನವೇ ಅದು ನಮ್ಮ ಹಣ, ಅಲ್ಲಿಯವರೆಗೆ ಅದು ಅವರದ್ದು. ಆ ಕಾಗದವನ್ನೂ ಹಿಂದಿನ ಗಳಿಕೆಯಿಂದಲೇ ಕೊಂಡಿದ್ದೆವು. ಮುಂಗಡ ಖರ್ಚಾಗಿಬಿಟ್ಟಿದ್ದರೆ ಅಡ್ಡ ಎಳೆಯನ್ನೇ ಹೊಲಿದು, ಒಳ್ಳೆಯ ಮಾತಾಡಿ ಕಳಿಸಿಬಿಡುತ್ತಿದ್ದೆವೇನೋ. ಪ್ರಾಮಾಣಿಕತೆಗೂ ಬಂಡವಾಳ ಬೇಕು. ಬೆಲೆ ಕಟ್ಟುವಾಗ ಕತ್ತರಿಸುವ, ಹೊಲಿಯುವ ಹೊತ್ತಿನ ಜೊತೆ ಪ್ಯಾಕ್ ಮಾಡುವ, ಪತ್ರ ಬರೆಯುವ, ರಿಪೇರಿ ಮಾಡುವ ಹೊತ್ತನ್ನೂ ಸೇರಿಸುವುದು ಇದಕ್ಕೇ. 'ಕಡಿಮೆಗೆ ಕೊಡಿ' ಅನ್ನುವವರಿಗೆ ಇದು ಕಾಣುವುದಿಲ್ಲ. ಅವರ ತಪ್ಪೂ ಅಲ್ಲ ಬಿಡಿ.

ಪತ್ರದ ಕರಡು ಉದ್ದವಾಯಿತು. ಸರಬರಾಜಿನವರ ಮೇಲೆ ದೂರು, ನಮ್ಮ ಕಷ್ಟ, ಕಾಗದದ ವಿಜ್ಞಾನ, ಎಲ್ಲ ಇತ್ತು. ಗೆಳತಿ ಓದಿ ಮುಕ್ಕಾಲು ಪಾಲು ಹೊಡೆದುಹಾಕಿದಳು. ಕೊಂಡವರಿಗೆ ಬೇಕಾದದ್ದು ಏನಾಯಿತು, ಯಾವಾಗ ಸಿಗುತ್ತದೆ, ಬೇಡವಾದರೆ ಹಣ ಹೇಗೆ ವಾಪಸ್ ಬರುತ್ತದೆ ಅನ್ನುವುದು ಮಾತ್ರ. ಅದಷ್ಟೇ ಉಳಿಯಿತು, ಒಂದು ತಾರೀಕಿನ ಜೊತೆ. ಆ ತಾರೀಕನ್ನು ನಾವು ಬೇಕೆಂದೇ ಸಾಕಷ್ಟು ಮುಂದಕ್ಕೆ ಇಟ್ಟೆವು.

ಉತ್ತರ ಬರುವ ಹೊತ್ತಿಗೆ ಇನ್ನೊಂದು ಹೊಳೆಯಿತು. ಎ ಸರಣಿಯ ಹಾಳೆಯನ್ನು ಅರ್ಧ ಮಾಡಿದಂತೆಲ್ಲ ಉದ್ದದ ಅಂಚು ಗಿಡ್ಡ ಅಂಚಾಗುತ್ತಾ ಹೋಗುತ್ತದೆ. ಅಂದರೆ ಎ5 ಪುಸ್ತಕಕ್ಕೆ ಅಡ್ಡವಾದ ಎಳೆ, ಅದೇ ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ ಮಡಚಿದರೆ ಎ6ಗೆ ಸರಿಯಾಗಿ ಕೂರುತ್ತದೆ! ಒಂದು ಹಾಳೆ ಕತ್ತರಿಸಿ, ಮೂಳೆಯ ಪಟ್ಟಿಯಿಂದ ಮಡಿಕೆ ತೀಡಿ ನೋಡಿದೆ. ಮಡಿಕೆಯ ಮೇಲೆ ಒಂದು ಬಿರುಕೂ ಇಲ್ಲ. ಕಟ್ಟು ವಾಪಸ್ ಕಳಿಸುವುದು ಬೇಡ, ಇಟ್ಟುಕೊಳ್ಳುತ್ತೇವೆ ಅಂತ ಫೋನ್ ಮಾಡಿ ಹೇಳಿದೆ. ಲಾರಿಯಲ್ಲಿ ಹೋಗಿ ಬರುವುದೂ ತಪ್ಪಿತು, ಒಂದು ಹಾಳೆಯೂ ರದ್ದಿಗೆ ಬೀಳಲಿಲ್ಲ.

ಹೆಚ್ಚಿನವರು ಕಾಯುತ್ತೇವೆ ಅಂದರು. ಕೆಲವರು ಉಡುಗೊರೆಗೆ ಬೇಕಿತ್ತು ಅಂತ ಹಣ ವಾಪಸ್ ಕೇಳಿದರು. ಅವತ್ತು ಸಂಜೆಯೇ ಕಳಿಸಿದೆವು. ಅವರಲ್ಲಿ ಮತ್ತೆ ಬಂದವರೂ ಇದ್ದಾರೆ, ಬಾರದವರೂ ಇದ್ದಾರೆ. ಒಬ್ಬರು ಮಾತ್ರ ತಮ್ಮ ಮನೆಯಲ್ಲಿದ್ದ ನೋಟ್‌ಬುಕ್‌ಗಳಿಗೆಲ್ಲ ಒದ್ದೆ ಬೆರಳು ಸವರಿ ಫಲಿತಾಂಶ ಬರೆದು ಕಳಿಸಿದ್ದರು.

ಈಗ ನಮ್ಮಿಬ್ಬರ ಜಗಳ ಎ6ರ ಬೆಲೆಯದ್ದು. ಅರ್ಧ ಸೈಜ್ ಅಂದರೆ ಅರ್ಧ ಬೆಲೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಾಗದವೇನೋ ಅರ್ಧ. ಆದರೆ ಹೊಲಿಗೆಗೆ ಹಿಡಿಯುವ ಹೊತ್ತು ಹೆಚ್ಚುಕಡಿಮೆ ಅಷ್ಟೇ, ಚಿಕ್ಕದಾದ್ದರಿಂದ ಹಿಡಿಯುವುದೂ ಕಷ್ಟ. ನಾನು ಸ್ವಲ್ಪ ಇಳಿಸೋಣ ಅಂದೆ. ಹೊಲಿಯುವವಳು ಅವಳು, ಒಪ್ಪಲಿಲ್ಲ. ಕಾಗದದಲ್ಲಿ ಉಳಿದಷ್ಟನ್ನು ಮಾತ್ರ ಬಿಟ್ಟು ಬೆಲೆ ಹಾಕಿದ್ದೇವೆ. ಯಾರಾದರೂ ಯಾಕೆ ಇಷ್ಟು ಅಂತ ಕೇಳಿದರೆ, ಸೂಜಿಗೆ ಪುಸ್ತಕ ಚಿಕ್ಕದೋ ದೊಡ್ಡದೋ ಗೊತ್ತಾಗುವುದಿಲ್ಲ ಅಂತ ಅವಳೇ ಉತ್ತರ ಬರೆಯುತ್ತಾಳೆ.