ಆಗುಂಬೆಯ ತೊರೆಗಳಲ್ಲಿ ಮೀನು ನೋಡಲು ಹೊರಡುವವರಿಗೆ

ಎತ್ತರ ಬದಲಾದಂತೆ ಮೀನುಗಳೂ ಬದಲಾಗುತ್ತವೆ ಎಂಬುದು ನಿಜವಾದರೂ, ಅದೊಂದನ್ನೇ ನೆಚ್ಚಿಕೊಂಡು ಆಗುಂಬೆಗೆ ಹೊರಟರೆ ಅರ್ಧ ವಿಷಯ ಕಣ್ತಪ್ಪುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಬೆಂಗಳೂರಿನ ಕೆರೆಗಳಲ್ಲಿ ಕಾಟ್ಲಾ ಮತ್ತು ಆಫ್ರಿಕಾ ಮೂಲದ ಜಿಲೇಬಿ ಮೀನುಗಳಿದ್ದರೆ, ಅದಕ್ಕಿಂತ ತಗ್ಗಿನಲ್ಲಿ, ಸುಮಾರು 650 ಮೀಟರ್ ಎತ್ತರದಲ್ಲಿರುವ ಆಗುಂಬೆಯ ತೊರೆಗಳಲ್ಲಿ ಬಂಡೆಗೆ ಅಂಟಿಕೊಂಡು ಬದುಕುವ ಮೀನುಗಳಿವೆ. ನೀರು ನಿಂತಿದೆಯೋ ಹರಿಯುತ್ತಿದೆಯೋ, ತಳದಲ್ಲಿ ಕೆಸರಿದೆಯೋ ಕಲ್ಲಿದೆಯೋ ಎಂಬುದು ಎತ್ತರದಷ್ಟೇ ಮುಖ್ಯ.

ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆ ಊರಿನಲ್ಲಿ ಮಳೆಗಾಲದ ತೊರೆಗಳು ಕದಡಿರುತ್ತವೆಯಾದ್ದರಿಂದ, ನೀರು ತಿಳಿಯಾಗುವ ನವೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿಯನ್ನು ಆರಿಸಿಕೊಳ್ಳಿ. ಬೆಂಗಳೂರಿನಿಂದ ಶಿವಮೊಗ್ಗ, ತೀರ್ಥಹಳ್ಳಿ ಮಾರ್ಗವಾಗಿ ಸುಮಾರು 350 ಕಿಲೋಮೀಟರ್. ರಾತ್ರಿ ಬಸ್ಸೇ ಅನುಕೂಲ. ನೀರಿನ ಮೇಲಿನ ಹೊಳಪನ್ನು ತಡೆಯುವ ಪೋಲರೈಸ್ಡ್ ಕನ್ನಡಕ ಮರೆಯಬೇಡಿ.

ತೊರೆಯ ಬಳಿ ನಡೆದಾಡದೆ ಒಂದೇ ಕಡೆ ಕುಳಿತು ನೋಡುವುದು ಒಳ್ಳೆಯದು. ನೀರು ಕಲ್ಲುಗಳ ಮೇಲೆ ರಭಸದಿಂದ ಹರಿಯುವಲ್ಲಿ ಮೊದಲು ಏನೂ ಕಾಣುವುದಿಲ್ಲ; ಬಳಿಕ ಬಂಡೆಯ ಕಲೆ ಎಂದುಕೊಂಡಿದ್ದೇ ಒಂದಿಷ್ಟು ಜರುಗುತ್ತದೆ. ಚಪ್ಪಟೆ ಹೊಟ್ಟೆಯ ಆ ಪುಟ್ಟ ಮೀನು ಅಗಲವಾದ ಈಜುರೆಕ್ಕೆಗಳನ್ನು ಕಲ್ಲಿಗೆ ಒತ್ತಿ, ಗೋಡೆಯ ಹಲ್ಲಿಯಂತೆ ಸೆಳೆತವನ್ನು ಎದುರಿಸಿ ನಿಂತಿರುತ್ತದೆ. ಬಿಸಿಲು ಬೀಳುವ ಕಡೆ ಕಲ್ಲುಗಳ ಮೇಲೆ ಪಾಚಿ ಬೆಳೆಯುವುದರಿಂದ, ಅದನ್ನು ಕೆರೆದು ತಿನ್ನುವ ಗಾರಾ ಮೀನುಗಳನ್ನು ಅಲ್ಲಿ ಹುಡುಕಬೇಕು. ಮರಗಳು ದಟ್ಟವಾಗಿ ಕವಿದ ಗುಂಡಿಗಳಲ್ಲಿ ಪಾಚಿ ಕಡಿಮೆ. ಅಲ್ಲಿ ಮೇಲಿನಿಂದ ಬೀಳುವ ಹುಳುಗಳಿಗಾಗಿ ದೇವಾರಿಯೊ ಎಂಬ ಸಣ್ಣ ಮೀನುಗಳು ಮೇಲ್ಮಟ್ಟದಲ್ಲೇ ಕಾದಿರುತ್ತವೆ. ಆದ್ದರಿಂದ ದಡದ ಮರ ಕಡಿದರೆ ನೀರು ಬಿಸಿಯಾಗುವುದಷ್ಟೇ ಅಲ್ಲ, ಮೀನುಗಳ ಊಟವೇ ಬದಲಾಗುತ್ತದೆ.

ಮರುದಿನ ಶೃಂಗೇರಿಗೆ ಹೋಗಲೇಬೇಕೆಂಬುದು ನನ್ನ ಆಗ್ರಹದ ಸಲಹೆ. ಎತ್ತರ ಹೆಚ್ಚುಕಡಿಮೆ ಆಗುಂಬೆಯಷ್ಟೇ. ಆದರೆ ತುಂಗೆ ಅಲ್ಲಿ ಅಗಲವಾಗಿ, ಆಳವಾಗಿ ಹರಿಯುವುದರಿಂದ ಸಣ್ಣ ತೊರೆಯಲ್ಲಿ ಜಾಗ ಸಾಲದಂತಹ ಮಹಶೀರ್ ಎಂಬ ದೊಡ್ಡ ಮೀನುಗಳು ಶಾರದಾ ದೇಗುಲದ ಸ್ನಾನಘಟ್ಟದಲ್ಲಿ ಗುಂಪುಗುಂಪಾಗಿವೆ. ಭಕ್ತರು ಹಾಕುವ ಮಂಡಕ್ಕಿಯಿಂದಾಗಿ ಅಲ್ಲಿ ದಟ್ಟಣೆ ಸಹಜಕ್ಕಿಂತ ಹೆಚ್ಚಿದೆ ಎಂಬುದನ್ನು ಗಮನದಲ್ಲಿಡಿ.

ನಂತರ ಘಾಟಿ ಇಳಿದು ಸೋಮೇಶ್ವರದ ಕಡೆಯಿಂದ ಸೀತಾನದಿಗೆ ಹೋಗಬಹುದು. ಕೆಳಗೆ ಇಳಿಜಾರು ಕಡಿಮೆಯಾಗಿ ಮರಳು, ಮಡುಗಳು ಹೆಚ್ಚುವುದರಿಂದ ಜಾತಿಗಳೂ ಹೆಚ್ಚುತ್ತವೆ. ಕಡಿದಾದ ಜಲಪಾತಗಳಿರುವಲ್ಲಿ ಆ ಜಾತಿಗಳಲ್ಲಿ ಹಲವು ಮೇಲೇರಲಾರವು. ಆದರೆ ತುಂಗೆಯ ನೀರು ಬಂಗಾಳ ಕೊಲ್ಲಿಗೂ ಸೀತಾನದಿಯ ನೀರು ಅರಬ್ಬೀ ಸಮುದ್ರಕ್ಕೂ ಸೇರುತ್ತದೆ; ಅಂದರೆ ಇವು ಬೇರೆ ಬೇರೆ ನದಿಜಾಲಗಳು, ಮೀನುಗಳು ಬೇರೆಯಾಗಿರಲು ಅದೂ ಕಾರಣವಾಗಿರಬಹುದು. ಹಾಗಾಗಿ ಕಂಡ ವ್ಯತ್ಯಾಸವನ್ನೆಲ್ಲ ಎತ್ತರದ ಲೆಕ್ಕಕ್ಕೆ ಬರೆಯದೆ, ಒಂದೇ ನದಿಯ ಮೇಲ್ಭಾಗವನ್ನು ಕೆಳಭಾಗದೊಂದಿಗೆ ಹೋಲಿಸಿ.

ಅರಣ್ಯದೊಳಗಿನ ತೊರೆಗಳಿಗೆ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಿರಿ. ಬಲೆ ಒಯ್ಯಬೇಡಿ, ಕಲ್ಲುಗಳನ್ನು ಮಗುಚಬೇಡಿ. ಮನೆಯ ಅಕ್ವೇರಿಯಂ ಮೀನುಗಳನ್ನು ಅಲ್ಲಿ ಬಿಡುವ ಯೋಚನೆಯನ್ನಂತೂ ಮಾಡಲೇಬೇಡಿ.