ಜೇಡಿಕಲ್ಲು ಬಿಸಿಗೆ ಇಟ್ಟಿಗೆ ಆಗಲ್ವಾ?

ಅಣು ತ್ಯಾಜ್ಯದ ಮಾತು ಬಂದಾಗಲೆಲ್ಲ ಯಾರಾದರೂ ನನ್ನನ್ನು ಇದನ್ನು ಕೇಳುತ್ತಾರೆ: "ಫ್ರಾನ್ಸ್‌ನವರು ಬಿಸಿ ತ್ಯಾಜ್ಯವನ್ನು ಜೇಡಿಕಲ್ಲಿನೊಳಗೆ ಹೂಳ್ತಾರಂತಲ್ಲ, ಆ ಕಲ್ಲು ಸುಟ್ಟು ಇಟ್ಟಿಗೆ ಆಗಲ್ವಾ? ಬಿರುಕು ಬಿಡಲ್ವಾ?"

ಇಟ್ಟಿಗೆ ಆಗುವುದಿಲ್ಲ. ಗೂಡಿನಲ್ಲಿ ಇಟ್ಟಿಗೆ ಬೇಯಲು 800ರಿಂದ 1000 ಡಿಗ್ರಿ ಬಿಸಿ ಬೇಕು. ಫ್ರಾನ್ಸ್‌ನ ಬ್ಯೂರ್ ಎಂಬ ಊರಿನ ಹತ್ತಿರ ಈ ಯೋಜನೆ ಇದೆ. ಅದನ್ನು ನೋಡಿಕೊಳ್ಳುವ ಆಂಡ್ರಾ ಸಂಸ್ಥೆ ಹಾಕಿಕೊಂಡ ಮಿತಿ ಇಷ್ಟೇ: ಕಲ್ಲು ಎಲ್ಲೂ 90 ಡಿಗ್ರಿ ದಾಟಬಾರದು. ಅದಕ್ಕೇ ತ್ಯಾಜ್ಯವನ್ನು ಗಾಜಿನ ಜೊತೆ ಕರಗಿಸಿ, ಉಕ್ಕಿನ ಡಬ್ಬಿಗೆ ತುಂಬಿ, ಹತ್ತಾರು ವರ್ಷ ನೆಲದ ಮೇಲೇ ಆರಲು ಬಿಡುತ್ತಾರೆ. ಅಲ್ಲಿ ಇನ್ನೂ ಏನನ್ನೂ ಹೂತಿಲ್ಲ. 490 ಮೀಟರ್ ಆಳದಲ್ಲಿ ಪ್ರಯೋಗಾಲಯ ಮಾತ್ರ ಇದೆ.

ಬಿರುಕಿನ ಚಿಂತೆಗೆ ಮಾತ್ರ ಕಾರಣ ಇದೆ. ಆ ಕಾರಣ ನೀರು.

ಈ ಕಲ್ಲು ಕೈಗೆ ಒಣಗಿದಂತೆ ಕಂಡರೂ ಒಳಗಿನ ಸಣ್ಣ ಸಣ್ಣ ರಂಧ್ರಗಳ ತುಂಬ ನೀರಿದೆ. ಗಾತ್ರದಲ್ಲಿ ಸುಮಾರು ಆರನೇ ಒಂದು ಪಾಲು. 100 ಲೀಟರ್ ನೀರನ್ನು 20 ಡಿಗ್ರಿಯಿಂದ 90 ಡಿಗ್ರಿಗೆ ಕಾಯಿಸಿದರೆ ಅದು 103 ಲೀಟರ್‌ಗಿಂತ ಜಾಸ್ತಿ ಆಗುತ್ತದೆ. ಸುತ್ತಲಿನ ಕಲ್ಲು ಅಷ್ಟು ಹಿಗ್ಗುವುದಿಲ್ಲ. ಮರಳುಗಲ್ಲಾಗಿದ್ದರೆ ಹೆಚ್ಚಾದ ನೀರು ಸುಮ್ನೆ ಪಕ್ಕಕ್ಕೆ ಹರಿದು ಹೋಗುತ್ತಿತ್ತು. ಜೇಡಿಕಲ್ಲಿನಲ್ಲಿ ನೀರು ಅಲುಗಾಡುವುದೇ ಕಷ್ಟ. ತ್ಯಾಜ್ಯ ಇಡಲು ಅದನ್ನು ಆರಿಸಿದ್ದೂ ಇದೇ ಗುಣಕ್ಕಾಗಿ, ಅಲ್ವಾ? ಹೋಗಲು ದಾರಿ ಸಿಗದ ನೀರು ರಂಧ್ರದೊಳಗೇ ಒತ್ತಡ ಏರಿಸುತ್ತದೆ. ಆ ಒತ್ತಡ ಮೇಲಿನ ಅರ್ಧ ಕಿಲೋಮೀಟರ್ ಬಂಡೆಯ ಭಾರವನ್ನೂ ಕಲ್ಲಿನ ಬಿಗಿಯನ್ನೂ ಮೀರಿದರೆ ಕಲ್ಲು ಸೀಳುತ್ತದೆ.

ಇದನ್ನು ತಡೆಯುವ ಮುಖ್ಯ ಉಪಾಯ ಅಂತರ. ತ್ಯಾಜ್ಯದ ಕೊಳವೆಗಳನ್ನು ದೂರ ದೂರ ಕೊರೆದರೆ ಅವುಗಳ ನಡುವಿನ ಕಲ್ಲು ಅಷ್ಟು ಕಾಯುವುದಿಲ್ಲ, ಒತ್ತಡವೂ ಮಿತಿಯಲ್ಲಿ ಉಳಿಯುತ್ತದೆ. ಎಷ್ಟು ದೂರ ಎಂಬ ಲೆಕ್ಕ ಸುಲಭವಲ್ಲ. ಈ ಕಲ್ಲು ಪದರ ಪದರವಾಗಿದೆ. ಪದರದ ಉದ್ದಕ್ಕೆ ಬಿಸಿ ಹರಿಯುವುದು, ಅಡ್ಡಕ್ಕೆ ಹರಿಯುವುದಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಸಲೀಸು. ನೀರೂ ಹಾಗೆಯೇ.

ಲೆಕ್ಕ ಸರಿಯೇ ಎಂದು ತಿಳಿಯಲು ನಿಜವಾದ ಕಲ್ಲನ್ನು ನಿಧಾನವಾಗಿ ಕಾಯಿಸಿಯೇ ನೋಡಬೇಕು. ನನಗೆ ತುಂಬಾ ಗೌರವ ಇರುವುದು ಈ ತಾಳ್ಮೆಯ ಕೆಲಸದ ಮೇಲೆ. ಬೆಲ್ಜಿಯಂನ ಮೋಲ್‌ನಲ್ಲಿ ಸುಮಾರು 225 ಮೀಟರ್ ಆಳದ ಮೆತ್ತನೆಯ ಜೇಡಿಯಲ್ಲಿ ಒಂದು ಸುರಂಗವನ್ನು 2014ರ ನವೆಂಬರ್‌ನಲ್ಲಿ ಕಾಯಿಸಲು ಶುರು ಮಾಡಿದರು. ಜೇಡಿಯ ಅಂಚಿನಲ್ಲಿ 80 ಡಿಗ್ರಿ ಮುಟ್ಟಿಸಲು ತಿಂಗಳುಗಟ್ಟಲೆ ಹಿಡಿಯಿತು. ಆ ಬಿಸಿಯನ್ನು ಹತ್ತು ವರ್ಷ ಹಾಗೇ ಇಡುವುದು ಆಗಿನ ಯೋಜನೆಯಾಗಿತ್ತು. ಸ್ವಿಟ್ಜರ್ಲೆಂಡ್‌ನ ಮಾಂಟ್ ಟೆರಿಯಲ್ಲೂ ಇಂಥದೇ ದೊಡ್ಡ ಪ್ರಯೋಗ ನಡೆದಿದೆ.

ಸುರಂಗ ಅಗೆಯುವಾಗ ಹೇಗೂ ಗೋಡೆಯ ಸುತ್ತ ಬಿರುಕು ಬೀಳುತ್ತದೆ. ಅದಕ್ಕೆ ನೀರು ಸೋಕಿದರೆ ಒಳಗಿನ ಜೇಡಿ ಉಬ್ಬಿ ಸಂದನ್ನು ತುಂಬುತ್ತದೆ. ಸೀಳು ಇದ್ದ ಜಾಗದಲ್ಲಿ ನೀರಿನ ಹರಿವು ಮತ್ತೆ ತೀರಾ ನಿಧಾನವಾಗುತ್ತದೆ. ಗ್ರಾನೈಟ್ ಸೀಳಿದರೆ ಹೀಗೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ.